23 ಕಿಲೋ ಸಾಮಾನು, ಒಂದು ಕ್ಲಚ್ ಕೇಬಲ್

ಗುಜರಿ ಅಂಗಡಿಯವನು ಬ್ಯಾಗನ್ನು ತಕ್ಕಡಿಯ ಕೊಕ್ಕೆಗೆ ನೇತುಹಾಕಿ, "23 ಕಿಲೋ ಸಾರ್. ಎಲ್ಲಾ ಹಾಕ್ಬಿಡ್ತೀರಾ?" ಅಂದ. ಅಕ್ಕನ ಮಗನ ಮುಖ ಸಣ್ಣದಾಯಿತು. ಅದು ಗುಜರಿಗೆ ಹಾಕುವ ಸಾಮಾನಲ್ಲ. ಮರುದಿನ ಬೆಳಗಿನ ಜಾವ ಅವನ ಬೈಕಿನ ಹಿಂದಿನ ಸೀಟು ಏರಬೇಕಾದ ಸರಂಜಾಮು.

ಬೆಂಗಳೂರು ಬಿಟ್ಟು ತುಮಕೂರು, ಕಡೂರು, ಶಿವಮೊಗ್ಗದ ಮೇಲೆ ತೀರ್ಥಹಳ್ಳಿ. ಮಾರನೇ ದಿನ ಆಗುಂಬೆ ಘಾಟಿ ಇಳಿದು ಮಲ್ಪೆ. ಎರಡು ದಿನ, 450 ಕಿಲೋಮೀಟರಿನ ಆಸುಪಾಸು. ಹುಡುಗನಿಗೆ ಇದು ಮೊದಲ ದೂರದ ಸವಾರಿ. ಅವನದು 350 ಸಿಸಿ ಬೈಕು. ಹಿಂದೆ ನನ್ನ ಹಳೆಯ 150 ಸಿಸಿ. ಸೆಪ್ಟೆಂಬರ್ ಮುಗಿಯುತ್ತಿತ್ತು, ಮಲೆನಾಡಿನಲ್ಲಿ ಮಳೆ ಇನ್ನೂ ಮುಗಿದಿರಲಿಲ್ಲ.

ರಾತ್ರಿ ಬ್ಯಾಗು ಬಿಚ್ಚಿಸಿದೆ. ಟೆಂಟು, ಸ್ಲೀಪಿಂಗ್ ಬ್ಯಾಗು, ಪುಟ್ಟ ಗ್ಯಾಸ್ ಒಲೆ, ಎರಡು ಪಾತ್ರೆ, ಮೂರು ಜೀನ್ಸ್, ಕಂಬಳಿಯಷ್ಟು ದಪ್ಪದ ಟವಲು. ಯಾವುದನ್ನು ಎತ್ತಿ ತೋರಿಸಿದರೂ ಅವನದು ಒಂದೇ ಉತ್ತರ: "ಬೇಕಾಗಬಹುದು ಮಾಮ."

ಅವನ ವಯಸ್ಸಿನಲ್ಲಿ ನಾನು ಏರಿದ್ದು ಯೆಜ್ಡಿ. 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಹೀಗಾಗಿ ಒಂದು ಆಯಿಲ್ ಬಾಟಲಿ, ಒಂದು ಹೆಚ್ಚುವರಿ ಪ್ಲಗ್ಗು, ಮಸಿ ಕಟ್ಟಿದ ಪ್ಲಗ್ಗು ಉಜ್ಜಲು ಉಪ್ಪುಕಾಗದ, ಇಷ್ಟು ಮೊದಲು ಬ್ಯಾಗಿಗೆ ಬೀಳುತ್ತಿದ್ದವು. ಉಳಿದ ಜಾಗದಲ್ಲಿ ಎರಡು ಅಂಗಿ. ಏನು ಕಟ್ಟಿಕೊಳ್ಳಬೇಕೆಂದು ಆಗ ಬೈಕೇ ಹೇಳುತ್ತಿತ್ತು. ಈಗಿನ ಬೈಕುಗಳು ಅಷ್ಟೆಲ್ಲ ಕೇಳುವುದಿಲ್ಲ. ಖಾಲಿಯಾದ ಆ ಜಾಗಕ್ಕೆ ಟೆಂಟು ಬಂದು ಕೂತಿದೆ.

ಬಿಟ್ಟು ಬರಲು ಅವನು ಒಪ್ಪಲಿಲ್ಲ. ಜೋಡಿಸುವುದನ್ನಾದರೂ ತಿದ್ದಿದೆ. ಭಾರದ್ದು ಕೆಳಗೆ, ಸವಾರನ ಬೆನ್ನಿಗೆ ಹತ್ತಿರ. ಹಿಂಬದಿಯಲ್ಲಿ ತೂಕ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗುತ್ತದೆ, ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ನೋಡುತ್ತದೆ. ಕಟ್ಟಲು ಅವನು ತಂದಿದ್ದ ಎಲಾಸ್ಟಿಕ್ ಹಗ್ಗದ ಜೊತೆಗೆ ಪಂಕ್ಚರ್ ಅಂಗಡಿಯಿಂದ ತಂದ ಹಳೆ ಟ್ಯೂಬಿನ ಎರಡು ಪಟ್ಟಿ ಕೊಟ್ಟೆ. ಚಕ್ರದ ಗಾಳಿಯನ್ನು ಕಂಪನಿಯವರು ಭಾರಕ್ಕೆಂದು ಹೇಳಿದ ಮಟ್ಟಕ್ಕೆ ಏರಿಸಿದ್ದಾಯಿತು. ನನ್ನ ಒತ್ತಾಯಕ್ಕೆ ಕೊಂಡ ಕ್ಲಚ್ ಕೇಬಲೊಂದನ್ನು ಅವನು ಮುಖ ಸಿಂಡರಿಸಿಕೊಂಡೇ ಬ್ಯಾಗಿನ ತಳಕ್ಕೆ ತುರುಕಿದ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತಿಂದು ಎದ್ದಾಗ ಗೊತ್ತಾಯಿತು, ಅವನ ಪರ್ಸು ಟೆಂಟಿನ ಕೆಳಗಿದೆ. ದುಡ್ಡು ನಾನೇ ಕೊಟ್ಟೆ. ಡಿಎಲ್, ಆರ್‌ಸಿ ಕೂಡ ಅಲ್ಲೇ ಇದ್ದವು. ಡಿಜಿಲಾಕರಿನಲ್ಲಿ ತೋರಿಸಿದರೆ ಸಾಕೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ಹೇಳಿದೆ. ಆದರೆ ಮಳೆಯಲ್ಲಿ ನೆನೆದ ಫೋನು ಏನನ್ನೂ ತೋರಿಸುವುದಿಲ್ಲ. ವಿಮೆಯ ಪ್ರತಿ, ಹೊಗೆ ತಪಾಸಣೆಯ ಚೀಟಿ, ನೂರರ ಒಂದಷ್ಟು ನೋಟು ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿಸಿ ಟ್ಯಾಂಕ್ ಮೇಲಿನ ಚೀಲಕ್ಕೆ ಸಾಗಿಸಿದೆ.

ತಿಪಟೂರಿನ ಕೊಬ್ಬರಿ ಮಂಡಿಗಳು, ಅರಸೀಕೆರೆ, ಕಡೂರು, ಬೀರೂರು. ಬಿಸಿಲು ಏರಿತು. ತರೀಕೆರೆ ಇನ್ನೂ ಮುಂದಿರುವಾಗ ಅಡಿಕೆ ತೋಟವೊಂದರ ಪಕ್ಕ ಅವನ ಬೈಕು ಒಮ್ಮೆ ಮುಗ್ಗರಿಸಿ ನಿಂತಿತು. ಕ್ಲಚ್ ಲಿವರ್ ಕೈಯಲ್ಲಿ ಸತ್ತ ಹಾಗೆ ಆಡುತ್ತಿತ್ತು. ಕೇಬಲು ತುಂಡಾಗಿತ್ತು.

ಹೊಸ ಕೇಬಲು ಇತ್ತು, 23 ಕಿಲೋದ ಅಡಿಯಲ್ಲಿ. ಟೆಂಟು ಇಳಿಯಿತು, ಸ್ಲೀಪಿಂಗ್ ಬ್ಯಾಗು ಇಳಿಯಿತು, ಒಲೆ, ಪಾತ್ರೆ, ಜೀನ್ಸುಗಳು ಹುಲ್ಲಿನ ಮೇಲೆ ಸಾಲಾಗಿ ಕೂತವು. ಟ್ರ್ಯಾಕ್ಟರಿನವರೊಬ್ಬರು ನಿಧಾನಿಸಿ, "ಇಲ್ಲೇ ಅಡುಗೇನಾ?" ಅಂದರು. ಬಿಚ್ಚಿ ಮತ್ತೆ ಕಟ್ಟಲು ಮುಕ್ಕಾಲು ಗಂಟೆ. ಕೇಬಲು ಬದಲಿಸಲು ಕಾಲು ಗಂಟೆ. ಪಳಗಿದ ಸವಾರರು ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು, ತುದಿಗಳಿಗೆ ಟೇಪು ಸುತ್ತಿ ಬಿಟ್ಟಿರುತ್ತಾರೆ. ತುಂಡಾದರೆ ತುದಿ ಬದಲಿಸಿ ಸಿಕ್ಕಿಸುವುದಷ್ಟೇ ಕೆಲಸ. ಇದನ್ನು ಮೊದಲೇ ಹೇಳಬೇಕಿತ್ತು ಎಂದು ಅಳಿಯ ಗೊಣಗಿದ. ತಪ್ಪು ನನ್ನದೇ.

ಶಿವಮೊಗ್ಗ ದಾಟಿ ಗಾಜನೂರು, ಸಕ್ರೆಬೈಲಿನ ಆನೆ ಬಿಡಾರ. ತುಂಗೆ ಜೊತೆಗೇ ಬರುತ್ತಾಳೆ, ರಸ್ತೆ ಕಾಡಿನೊಳಗೆ ತಂಪಾಗುತ್ತದೆ. ಮಂಡಗದ್ದೆಯ ಹತ್ತಿರ ಮಳೆ ಹಿಡಿಯಿತು. ಈ ಬಾರಿ ರೇನ್‌ಕೋಟು ಮೇಲೇ ಇತ್ತು, ಹುಡುಗ ಕಲಿತಿದ್ದ. ಆದರೆ ನೀರು ಇಳಿಯುವುದಿಲ್ಲವೆಂದು ನಂಬಿ ತಂದ ಬ್ಯಾಗಿನ ಹೊಲಿಗೆಯಲ್ಲೇ ನೀರು ಇಳಿಯಿತು. ತೀರ್ಥಹಳ್ಳಿಯ ಲಾಡ್ಜಿನಲ್ಲಿ ಬಿಚ್ಚಿದಾಗ ಒಣಗಿದ್ದದ್ದು ಅವನಮ್ಮ ದಿನಸಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಟ್ಟ ಒಂದು ಜೊತೆ ಬಟ್ಟೆ ಮಾತ್ರ. ರಾತ್ರಿಯಿಡೀ ಫ್ಯಾನಿನಡಿ ಇದ್ದರೂ ಜೀನ್ಸು ಬೆಳಿಗ್ಗೆ ಹಿಂಡಿದರೆ ನೀರು ಬಿಡುವಂತಿತ್ತು. ನನ್ನ ಹತ್ತಿ ಪಂಚೆ ಅಷ್ಟರಲ್ಲಿ ಒಣಗಿ, ಹೊದಿಕೆಯೂ ಆಗಿ, ಮಡಚಿ ಚೀಲ ಸೇರಿತ್ತು.

ಹೊರಡುವ ಮೊದಲು ಚೈನು ಒರೆಸಿ ಲ್ಯೂಬ್ ಹಾಕಿಸಿದೆ. ಮಳೆಯಲ್ಲಿ ಓಡಿದ ಚೈನಿಗೆ ಮಾರನೇ ಬೆಳಿಗ್ಗೆ ಎಣ್ಣೆ ಕಾಣಿಸಲೇಬೇಕು.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಆಗುಂಬೆ. ಸೂರ್ಯಾಸ್ತದ ಕಟ್ಟೆಯಿಂದ ನಮಗೆ ಕಂಡದ್ದು ಬಿಳಿ ಮಂಜೊಂದೇ. ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ನಡೆದದ್ದಕ್ಕೆ ಅವನ ಕಾಲಿಗೆ ಎರಡು ಉಂಬಳ ಹತ್ತಿದವು. ಫೋನಿನಲ್ಲಿ ಉಪಾಯ ಹುಡುಕಲು ಹೋದ, ನೆಟ್‌ವರ್ಕ್ ಇರಲಿಲ್ಲ. ಟ್ಯಾಂಕ್ ಚೀಲದಲ್ಲಿದ್ದ ಉಪ್ಪಿನ ಪೊಟ್ಟಣ ಕೆಲಸ ಮುಗಿಸಿತು. ಘಾಟಿಯ 14 ತಿರುವುಗಳನ್ನು ಕೆಳ ಗೇರಿನಲ್ಲಿ, ಎಂಜಿನ್ನಿಗೇ ವೇಗ ತಡೆಯಲು ಬಿಟ್ಟು ಇಳಿದೆವು. ಒಂದೊಂದು ತಿರುವಿನಲ್ಲೂ ಹಿಂದಿನ ಹೊರೆ ಅವನನ್ನು ಮುಂದಕ್ಕೆ ದೂಡುತ್ತಿದ್ದುದು ನನಗೆ ಹಿಂದಿನಿಂದಲೇ ಕಾಣುತ್ತಿತ್ತು. ಸೋಮೇಶ್ವರಕ್ಕೆ ಬಂದು ಹೆಲ್ಮೆಟ್ ತೆಗೆದವನು ಅಂಗೈ ಉಜ್ಜಿಕೊಳ್ಳುತ್ತ ಸುಮ್ಮನೆ ನಿಂತ.

ಮಲ್ಪೆಯಲ್ಲಿ ಕಡಲು ನೋಡಿ ಬಂದು, ರೂಮಿನ ಮಂಚದ ಮೇಲೆ ಎಲ್ಲ ಹರವಿ ಅವನೇ ಎರಡು ಗುಂಪು ಮಾಡಿದ. ಬಳಸಿದ್ದು: ಕೇಬಲು, ಸ್ಪ್ಯಾನರು, ರೇನ್‌ಕೋಟು, ಲ್ಯೂಬು, ಉಪ್ಪು, ಓಆರ್‌ಎಸ್ ಪೊಟ್ಟಣ, ಪವರ್ ಬ್ಯಾಂಕು, ಟಾರ್ಚು, ಒಂದು ಜೊತೆ ಬಟ್ಟೆ, ಚಪ್ಪಲಿ. ಪಂಕ್ಚರ್ ಕಿಟ್ಟನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ, ಬಳಸದಿದ್ದರೂ ಇದೇ ಗುಂಪಿಗೆ ಸೇರಿಸಿದ. ಉಳಿದದ್ದು ಇನ್ನೊಂದು ಕಡೆ ಗುಡ್ಡವಾಯಿತು.

ಬೆಳಿಗ್ಗೆ ಆ ಗುಡ್ಡವನ್ನು ಗೋಣಿಯಲ್ಲಿ ಕಟ್ಟಿ ಉಡುಪಿಯ ಪಾರ್ಸೆಲ್ ಕೌಂಟರಿಗೆ ಒಯ್ದೆವು. ತೂಕ 15 ಕಿಲೋ.

"ಒಳಗೆ ಎಂಥ ಉಂಟು?" ಅಂದರು ಗುಮಾಸ್ತರು.

ಅಳಿಯ ನನ್ನ ಕಡೆ ನೋಡದೆ, "ಬೇಕಾಗಬಹುದಾದ ಸಾಮಾನು" ಅಂದ.

ಅವರು ರಶೀದಿಯಲ್ಲಿ "ಮನೆ ಸಾಮಾನು" ಎಂದು ಬರೆದುಕೊಂಡರು.