ಆನ್‌ಲೈನ್ ಕಾಲೇಜಿಗೆ ಹಾಸ್ಟೆಲ್ ಇಲ್ಲ



ಸ್ವಲ್ಪ ಉದ್ದ ಆಗ್ಯದ. ಮಕ್ಕಳನ್ನ ಆನ್‌ಲೈನ್ ಡಿಗ್ರಿಗೆ ಹಚ್ಚಿದವರು, ಹಚ್ಚಬೇಕು ಅನ್ನೋರು ದಯವಿಟ್ಟು ಪೂರ್ತಿ ಓದ್ರಿ.

ಹೋದ ತಿಂಗಳು ಆಫೀಸಿನಲ್ಲಿ ಟಪಾಲು ನೋಂದಣಿ ಮಾಡುತ್ತ ಕೂತಿದ್ದೆ. ಔರಾದ ತಾಲೂಕಿನಿಂದ ತಂಗಿಯ ಮಗಳು ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿದಳು. ಆನ್‌ಲೈನ್ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ.

"ಮಾಮಾ, ನಂದು ಆಗಲ್ಲ, ನಾ ಬಿಡ್ತೀನಿ. ಅಪ್ಪ ಫೋನ್ ತಗೊಂಡು ಕೆಲಸಕ್ಕ ಹೋಗ್ತಾನ, ಬರೋದು ರಾತ್ರಿ ಎಂಟಕ್ಕ. ಅಷ್ಟೊತ್ತಿಗೆ ಚಾರ್ಜೂ ಇರಲ್ಲ, ಡೇಟಾನೂ ಇರಲ್ಲ. ಮೂರು ಅಸೈನ್‌ಮೆಂಟ್ ಬಾಕಿ ಅವ."

ನಾನು ಸಭೆಯಲ್ಲಿ ಮಾತಾಡುವ ಧಾಟಿಯಲ್ಲೇ ಶುರು ಮಾಡಿದೆ. ಹಂಗೆಲ್ಲ ಬಿಡಬಾರದು, ಬಾಬಾಸಾಹೇಬರು ಎಷ್ಟು ಕಷ್ಟಪಟ್ಟು ಓದ್ಯಾರ ಅಂತ. ಆಕೆ ಸುಮ್ಮನೆ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು: "ನೀವೂ ಎಂ.ಎ. ನಡುವೆ ಬಿಟ್ರಿ ಅಂತಲ್ಲ ಮಾಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದನ್ನು ಇಲ್ಲಿವರೆಗೆ ಸಂಘಟನೆಯ ಯಾರಿಗೂ ಹೇಳಿಲ್ಲ, ಇವತ್ತು ಹೇಳ್ತೀನಿ. ಲಾಕ್‌ಡೌನ್ ಟೈಮಿನಲ್ಲಿ ನಾನು ಎಂ.ಎ.ಗೆ ಆನ್‌ಲೈನಿನಲ್ಲಿ ಸೇರಿದ್ದೆ. ಫೀಸು ತುಂಬಿದೆ. ಮೊಬೈಲಿನಾಗೇ ಎಲ್ಲಾ ಅದ, ಯಾವಾಗ ಬೇಕಾದರೂ ಓದಿದರಾಯ್ತು ಅಂದುಕೊಂಡೆ. ಅರ್ಜಿ ತುಂಬಿಸಿದ್ದು ಇಂಟರ್‌ನೆಟ್ ಸೆಂಟರಿನಲ್ಲಿ. ಇಮೇಲ್ ಐಡಿ ಅಲ್ಲಿನ ಹುಡುಗನೇ ಮಾಡಿಕೊಟ್ಟಿದ್ದ, ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ. ಅಸೈನ್‌ಮೆಂಟಿನ ಕೊನೆ ತಾರೀಖು ಆ ಇಮೇಲಿಗೇ ಬಂತು, ಅಲ್ಲೇ ಉಳಿಯಿತು. ಪರೀಕ್ಷೆಗೆ ಕೂಡಲು ಆಗಲಿಲ್ಲ. ಮುಂದಿನ ಏಪ್ರಿಲ್ 14ಕ್ಕೆ ವೇದಿಕೆ ಮೇಲೆ ನಿಂತು ಶಿಕ್ಷಣದ ಬಗ್ಗೆ ಅರ್ಧ ತಾಸು ಭಾಷಣ ಮಾಡಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಬಿ.ಎ. ಮಾತ್ರ ನಾನು ಪಾಸಾಗಿದ್ದೆ. ಅದೇನು ಬುದ್ಧಿ ಜಾಸ್ತಿ ಇತ್ತು ಅಂತಲ್ಲ. ಬೀದರದಲ್ಲಿ ಸರ್ಕಾರಿ ಹಾಸ್ಟೆಲಿನಲ್ಲಿದ್ದೆ. ಹೊತ್ತಿಗೆ ಸರಿಯಾಗಿ ಊಟ, ಓದಲು ಒಂದು ಜಾಗ, ಫಾರ್ಮ್ ತುಂಬಲು ಕೊನೆ ದಿನ ಯಾವುದೆಂದು ಹೇಳುವ ಸೀನಿಯರ್. ಪುಸ್ತಕಕ್ಕಿಂತ ಹೆಚ್ಚು ಇವೇ ನನ್ನನ್ನು ಪಾಸು ಮಾಡಿಸಿದವು.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು, ಮರುವರ್ಷವೇ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಸಭೆಯ ಹಾಸ್ಟೆಲ್ ಶುರುವಾಯಿತು. ಕಾಲೇಜು ತೆರೆದದ್ದು ಆಮೇಲೆ: 1946ರಲ್ಲಿ ಮುಂಬೈಯ ಸಿದ್ಧಾರ್ಥ, 1950ರಲ್ಲಿ ಔರಂಗಾಬಾದಿನ ಕಾಲೇಜು, ಅದೇ ಮುಂದೆ ಮಿಲಿಂದ ಆಯಿತು. ಆಗ ನಮ್ಮ ಬೀದರವೂ ಔರಂಗಾಬಾದವೂ ಒಂದೇ ಹೈದರಾಬಾದ್ ರಾಜ್ಯದಾಗಿದ್ದವು. ಅಂದರೆ ಮೊದಲು ಕೂಡಲು ಜಾಗ, ಆಮೇಲೆ ಕಾಲೇಜು. ಈಗ ಕಾಲೇಜು ಕೈಯಾಗಿನ ಫೋನಿಗೇ ಬಂದದ, ಕೂಡೋ ಜಾಗ ಮಾತ್ರ ಹೋಗಿಬಿಟ್ಟದ.

ಆ ಭಾನುವಾರ ಔರಾದ ಬಸ್ ಹತ್ತಿದೆ. ಸೊಸೆಯ ಜೊತೆ ಕೂತು ಬೆಳಿಗ್ಗೆ ಐದರಿಂದ ರಾತ್ರಿ ಮಲಗೋತನಕ ಏನೇನು ಮಾಡ್ತಾಳೆ ಅಂತ ಹಾಳೆಯ ಮೇಲೆ ಬರೆಸಿದೆ. ನೀರು, ರೊಟ್ಟಿ, ಪಾತ್ರೆ, ಎಮ್ಮೆ, ಮತ್ತೆ ನೀರು, ಮತ್ತೆ ರೊಟ್ಟಿ. ಓದು ಅನ್ನೋದು ರಾತ್ರಿ ಒಂಬತ್ತೂವರೆ ಆದಮೇಲೆ, ಫೋನ್ ಚಾರ್ಜಿಗೆ ಹಾಕಿ ಗೋಡೆಗೆ ಒರಗಿ, ನಿದ್ದೆಗಣ್ಣಾಗ. ಹಾಳೆ ನೋಡಿ ತಂಗಿ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸಂಜಿ ರೊಟ್ಟಿ ನಾ ಬಡಿತೀನಿ, ನೀರು ತಮ್ಮ ತರಲಿ" ಅಂದಳು. ತಮ್ಮ ಮುಖ ಸಣ್ಣ ಮಾಡಿದ, ಆದರೂ ಒಪ್ಪಿದ. ಭಾವ ಗೌಂಡಿ ಕೆಲಸ ಮಾಡ್ತಾರೆ. ಮೇಸ್ತ್ರಿ ಫೋನ್ ಮಾಡ್ತಾನ, ಫೋನಿಲ್ಲದೆ ಕೂಲಿ ತಪ್ಪುತ್ತದೆ ಅಂದರು. ಅವರ ಮಾತೂ ಖರೆ. ಅವರಿಗೊಂದು ಕೀಪ್ಯಾಡ್ ಫೋನ್ ಕೊಡಿಸಿ, ದೊಡ್ಡ ಫೋನ್ ಮನೆಯಲ್ಲೇ ಇರಿಸಿದೆವು.

ಆ ದಿನ ನನಗೆ ತಿಳಿದದ್ದು ಇಷ್ಟು: ಆನ್‌ಲೈನ್ ಓದಿನ ತಯಾರಿ ಹುಡುಗಿ ಒಬ್ಬಳೇ ಮಾಡೋದಲ್ಲ, ಮನೆಮಂದಿ ಎಲ್ಲಾ ಮಾಡಬೇಕು. ಅದಕ್ಕೇ ಕೆಲವು ಮಾತು ಬರೀತೀನಿ.

1) ಸೇರುವ ಮೊದಲು ಮಾನ್ಯತೆ ನೋಡ್ರಿ. ಯುಜಿಸಿಯ ದೂರಶಿಕ್ಷಣ ಬ್ಯೂರೊ, ಅಂದರೆ ಡಿಇಬಿ, ವೆಬ್‌ಸೈಟಿನಲ್ಲಿ ಪಟ್ಟಿ ಇರ್ತದ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರಿಂದ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ವಿದ್ಯಾರ್ಥಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಈಗ ಪ್ರವೇಶಕ್ಕೆ ಡಿಇಬಿ ಐಡಿ ಬೇಕು. ಮಾನ್ಯತೆ ಇರುವ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟ ಮಾಡ್ಯದ. ಆದರೆ ನರ್ಸಿಂಗ್, ಕಾನೂನು, ಇಂಜಿನಿಯರಿಂಗ್ ಪದವಿ ಆನ್‌ಲೈನಿನಲ್ಲಿ ಕೊಡ್ತೀವಿ ಅಂದವರಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ.

2) ಇಮೇಲ್ ಐಡಿ, ಪಾಸ್‌ವರ್ಡ್ ಸ್ವಂತದ್ದು ಇರಲಿ, ವಹಿಯಲ್ಲಿ ಬರೆದಿಡ್ರಿ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯೋ ನೋಡ್ರಿ. ದಿನಾ ಕಾಗದ ನೋಡುವ ಗುಮಾಸ್ತನಾಗಿ ಹೇಳ್ತೀನಿ, ಒಂದು ಅಕ್ಷರ ತಪ್ಪಿದರೆ ಫೈಲು ವಾಪಸ್ ಬರ್ತದ.

3) ಕೊನೆ ತಾರೀಖುಗಳನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೀರಿ, ಮನೆಮಂದಿಗೆ ಕಾಣುವಂಗ. ಅಸೈನ್‌ಮೆಂಟನ್ನ ಐದು ದಿನ ಮೊದಲೇ ಕಳಿಸ್ರಿ. ಕೊನೆ ರಾತ್ರಿ ಸರ್ವರೂ ಇರಲ್ಲ, ಕರೆಂಟೂ ಇರಲ್ಲ.

4) ಅಂಕದ ಲೆಕ್ಕ ಮೊದಲೇ ತಿಳ್ಕೊಳ್ರಿ. ಎನ್‌ಪಿಟೆಲ್‌ನ 12 ವಾರದ ಕೋರ್ಸ್ ನೋಡ್ರಿ: ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟಿನ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಸರ್ಟಿಫಿಕೇಟ್ ಬೇಕಾದರೆ 25ಕ್ಕೆ 10, 75ಕ್ಕೆ 30 ಬರಲೇಬೇಕು. ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೀಬೇಕು. 2023ರಿಂದ ಶಕ್ತಿ ಯೋಜನೆ ಅದ, ನಮ್ಮ ಹುಡುಗಿಯರಿಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಅದನ್ನ ಬಳಸ್ರಿ.

5) ನಾನು ಪದವಿಗೆ ಸೇರುವ ಮೊದಲು ಮಾಡಬೇಕಿದ್ದ ಕೆಲಸ: 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಸ್ವಯಂ'ನಲ್ಲಿ ಒಂದು ಸಣ್ಣ ಕೋರ್ಸ್ ಮಾಡಿ ನೋಡೋದು. ಕಲಿಯಲು ಫೀಸಿಲ್ಲ, ಪರೀಕ್ಷೆಗಷ್ಟೇ. ವಾರಕ್ಕೆ ಎಷ್ಟು ತಾಸು ಕೂಡಬಲ್ಲೆ ಅನ್ನೋದು ಅಲ್ಲೇ ತಿಳೀತದ. ನೆಟ್ ಸಿಗದ ಹಳ್ಳಿಗೆ 'ಸ್ವಯಂ ಪ್ರಭಾ' ಟಿವಿ ಚಾನೆಲ್‌ಗಳು ಅವ, ಡಿಡಿ ಫ್ರೀ ಡಿಶ್ ಛತ್ರಿಯಿಂದ ಪುಕ್ಕಟೆ ಬರ್ತಾವ.

6) ತಿಳಿಯದಿದ್ದರೆ ಕೇಳ್ರಿ. ಔರಾದದಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ವಿಡಿಯೋ ಇಂಗ್ಲಿಷ್. ತಿಳಿಯದಿರೋದು ದಡ್ಡತನ ಅಲ್ಲ. ವಿಡಿಯೋ ನಿಲ್ಲಿಸಿ, ನಿಮ್ಮ ಭಾಷೆಯಲ್ಲಿ ಎರಡು ಸಾಲು ಬರೆದು ಮುಂದೆ ಹೋಗ್ರಿ.

ಭಾಲ್ಕಿಯ ನಮ್ಮ ಗೆಳೆಯರೊಬ್ಬರು ಇದರಲ್ಲಿ ನನಗಿಂತ ಮುಂದಿದ್ದಾರೆ. ಅವರ ಓಣಿಯ ನಾಲ್ಕು ಮಕ್ಕಳು ಒಂದೇ ಕೋರ್ಸಿಗೆ ಸೇರಿ, ಸಂಜೆ ಏಳರಿಂದ ಒಂಬತ್ತು ಬುದ್ಧವಿಹಾರದಲ್ಲಿ ಕೂಡ್ತಾರೆ. ಇರೋದು ಎರಡೇ ಫೋನ್. ಒಬ್ಬರು ಬರದಿದ್ದರೆ ಉಳಿದವರು ಮನೆಗೇ ಹೋಗಿ ಎಬ್ಬಿಸಿ ತರ್ತಾರೆ. ನನ್ನ ಕಣ್ಣಿಗೆ ಅದೇ ಹಾಸ್ಟೆಲ್.

ನಮ್ಮ ಹಳ್ಳಿಗಳಲ್ಲಿ ಎಷ್ಟು ಅಂಬೇಡ್ಕರ್ ಭವನಗಳು ಏಪ್ರಿಲ್ 14ಕ್ಕೆ ಒಂದು ಸಲ, ಡಿಸೆಂಬರ್ 6ಕ್ಕೆ ಒಂದು ಸಲ ತೆರೀತಾವ? ಉಳಿದ ದಿನ ಬೀಗ. 371(ಜೆ) ಮೀಸಲಾತಿಗಾಗಿ ಈ ಭಾಗದವರು ಬೀದಿಗಿಳಿದು ಹೋರಾಡಿದರು. ಆದರೆ ಪದವಿ ಬೇಕಾದ ಹುದ್ದೆಗೆ ಪದವಿ ಇಲ್ಲದೆ ಅರ್ಜಿಯನ್ನೇ ಹಾಕಲು ಬರಲ್ಲ. ಸಂಘಟನೆಯ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೇ: ನಿಮ್ಮೂರ ಭವನದ ಕೀಲಿ ಯಾರ ಹತ್ತಿರ ಅದ ವಿಚಾರಿಸ್ರಿ. ದಿನಾ ಸಂಜೆ ಎರಡು ತಾಸು ತೆರೆಸ್ರಿ. ಒಂದು ಬಲ್ಬು, ಒಂದು ಚಾರ್ಜಿಂಗ್ ಬೋರ್ಡು, ಜೊತೆಗೆ ಕೂಡಲು ದೊಡ್ಡವರು ಒಬ್ಬರು ಸಾಕು.

ಸೊಸೆ ಮೂರು ಅಸೈನ್‌ಮೆಂಟಿನಲ್ಲಿ ಎರಡು ಕಳಿಸಿದ್ದಾಳೆ. ಮೂರನೆಯದು ಈ ಶನಿವಾರದೊಳಗೆ ಆಗಬೇಕು. ಪಾಸಾಗ್ತಾಳೋ ಇಲ್ಲೋ ಈಗಲೇ ಹೇಳಲ್ಲ. ನಾನೂ ಮತ್ತೆ ಎಂ.ಎ. ಅರ್ಜಿ ಹಾಕಬೇಕಂತ ಮಾಡೀನಿ. ಇಮೇಲ್ ಐಡಿ ಈ ಸಲ ನಾನೇ ಮಾಡೀನಿ. ಪಾಸ್‌ವರ್ಡ್ ಆಕೆಯ ವಹಿಯಲ್ಲೂ ಬರೆಸೀನಿ, ನಾನು ಮರೆತರೆ ಆಕೆ ಬಯ್ಯಲಿ ಅಂತ.

ಜೈಭೀಮ್.