ಇಪ್ಪತ್ತು ನಿಮಿಷದ ಪಾಠ

ಕಾಲೇಜು ಅಧ್ಯಾಪಕರ ಹುದ್ದೆಗೆ ಅರ್ಜಿ ಹಾಕಿದವರು ಈಗ ಪ್ರಮಾಣಪತ್ರಗಳ ಕಡತ ಹಿಡಿದು ಹೋದರಷ್ಟೇ ಸಾಲದು. ಸಂದರ್ಶನ ಸಮಿತಿಯ ಮುಂದೆ ನಿಂತು ಪಾಠವನ್ನೂ ಮಾಡಿ ತೋರಿಸಬೇಕು. 1982ರಲ್ಲಿ ನಾನು ರಸಾಯನಶಾಸ್ತ್ರದ ಉಪನ್ಯಾಸಕನಾಗಿ ಸೇರಿದಾಗ ನಾಲ್ಕು ಪ್ರಶ್ನೆ ಕೇಳಿ ಕಳುಹಿಸಿದ್ದರು. ಪಾಠ ಹೇಳಬಲ್ಲೆನೋ ಇಲ್ಲವೋ ಎಂಬುದನ್ನು ನನ್ನ ಮೊದಲ ತರಗತಿಯ ಮಕ್ಕಳೇ ಕಂಡುಕೊಳ್ಳಬೇಕಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಸಂದರ್ಶನದಲ್ಲಿ ಅಭ್ಯರ್ಥಿಯಿಂದ ತರಗತಿಯಲ್ಲಿರುವಂತೆ ಉಪನ್ಯಾಸ ಮಾಡಿಸಿ ಬೋಧನಾ ಸಾಮರ್ಥ್ಯವನ್ನು ಅಳೆಯಲು ಅವಕಾಶ ನೀಡಿದೆ. ಖಾಸಗಿ ಕಾಲೇಜುಗಳಲ್ಲಂತೂ ಇದು ವಾಡಿಕೆಯೇ ಆಗಿದೆ. ಒಳ್ಳೆಯ ಪದ್ಧತಿಯೆಂದೇ ನನ್ನ ಎಣಿಕೆ.

ವಿಜಯನಗರದಲ್ಲಿರುವ ನನ್ನ ತಮ್ಮನ ಮಗಳು ಎಂ.ಎಸ್ಸಿ. ಮುಗಿಸಿ, ಕೆ-ಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆರು ವರ್ಷಗಳಿಂದ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಿದ್ದಾಳೆ. ಅತಿಥಿ ಎಂಬ ಮಾತು ಕಿವಿಗೆ ಇಂಪು. ಆದರೆ ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ, ಮರುವರ್ಷ ಕರೆಯುವರೆಂಬ ಭರವಸೆಯೂ ಇಲ್ಲ. ತಮ್ಮನಿಗೆ ನಿವೃತ್ತಿಯಾಗಿದೆ, ಮನೆಯ ಸಾಲ ತೀರಿಲ್ಲ. ಈ ಹಿಂದೆ ಎರಡು ಸಂದರ್ಶನಗಳು ಕೈತಪ್ಪಿದ್ದವು. ಹೀಗಿರುವಾಗ ಕೆಂಗೇರಿಯ ಕಡೆಯ ಒಂದು ಕಾಲೇಜಿನಿಂದ ಖಾಯಂ ಹುದ್ದೆಗೆ ಕರೆ ಬಂತು. ಇಪ್ಪತ್ತು ನಿಮಿಷದ ಮಾದರಿ ಪಾಠ, ವಿಷಯ ಅವಳ ಆಯ್ಕೆ.

ಬಸವೇಶ್ವರನಗರದ ನಮ್ಮ ಮನೆಗೆ ಅವಳು ಲ್ಯಾಪ್‌ಟಾಪ್ ಸಹಿತ ಬಂದಳು. ನೀರಿನ ಗಡಸುತನ ಎಂಬ ವಿಷಯ. ಅದಕ್ಕೆ 42 ಸ್ಲೈಡುಗಳು! ಗಡಸುತನದ ವಿಧಗಳು, ಅಳೆಯುವ ಕ್ರಮ, ನಿವಾರಿಸುವ ಮಾರ್ಗಗಳು ಎಲ್ಲವೂ ಇದ್ದವು.

“ತಾಯಿ, ನಿನಗೆ ಎಷ್ಟು ಗೊತ್ತು ಎಂಬುದು ಅಂಕಪಟ್ಟಿಯಲ್ಲೇ ಇದೆ. ಪಾಠ ಮುಗಿದಾಗ ಹುಡುಗರಿಗೆ ಯಾವ ಒಂದು ಸಂಗತಿ ತಿಳಿದಿರಬೇಕು, ಅದನ್ನು ಹೇಳು” ಎಂದೆ.

ಬಹಳ ಹೊತ್ತು ಯೋಚಿಸಿ, “ಗಡಸು ನೀರಿನಲ್ಲಿ ಸಾಬೂನು ಏಕೆ ನೊರೆ ಬಿಡುವುದಿಲ್ಲ ಎಂಬುದು, ದೊಡ್ಡಪ್ಪ” ಎಂದಳು. ಉಳಿದುದನ್ನೆಲ್ಲ ಬಿಟ್ಟೆವು. ಮೈಸೂರು ಸ್ಯಾಂಡಲ್ ಸಾಬೂನಿನ ಚರಿತ್ರೆಯಿಂದ ಪಾಠ ಆರಂಭಿಸಬೇಕೆಂಬುದು ಅವಳ ಆಸೆಯಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಆ ಉದ್ಯಮ, ಅದಕ್ಕಾಗಿ ಶ್ರಮಿಸಿ ‘ಸೋಪು ಶಾಸ್ತ್ರಿ’ ಎನಿಸಿಕೊಂಡ ಎಸ್.ಜಿ. ಶಾಸ್ತ್ರಿಗಳು, ರಾಜಾಜಿನಗರದ ಮಗ್ಗುಲಿನ ಮೆಟ್ರೋ ನಿಲ್ದಾಣಕ್ಕೂ ಹೆಸರಾದ ಕಾರ್ಖಾನೆ, ಎಲ್ಲವೂ ಸ್ವಾರಸ್ಯದ ಸಂಗತಿಗಳೇ. ಆದರೆ ಅದರಲ್ಲೇ ಐದು ನಿಮಿಷ ಕಳೆಯುತ್ತದೆ. ಚರಿತ್ರೆಯನ್ನು ಕೈಬಿಟ್ಟು ಸಾಬೂನನ್ನು ಇಟ್ಟುಕೊಂಡೆವು. ಅದರ ತುರಿಯನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ ಸಣ್ಣ ಸೀಸೆಗೆ ತುಂಬಿದಳು. ಇದಕ್ಕೆ ಡಿಟರ್ಜೆಂಟ್ ಬಿಲ್ಲೆ ಆಗದು, ನಿಜವಾದ ಸಾಬೂನೇ ಬೇಕು.

ತಮ್ಮನ ಮನೆಯಲ್ಲಿ ಎರಡು ನಲ್ಲಿಗಳಿವೆ, ಒಂದರಲ್ಲಿ ಕಾವೇರಿ, ಇನ್ನೊಂದರಲ್ಲಿ ಕೊಳವೆಬಾವಿಯ ನೀರು. ಎರಡು ಗಾಜಿನ ನಳಿಗೆಗಳಲ್ಲಿ ಅವನ್ನು ಸಮನಾಗಿ ತುಂಬಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಕುಲುಕಿದಳು. ಕಾವೇರಿಯಲ್ಲಿ 8 ಹನಿಗೆ ನೊರೆ ನಿಂತಿತು. ಕೊಳವೆಬಾವಿಯದರಲ್ಲಿ 30 ಹನಿ ದಾಟಿದರೂ ಬಿಳಿಯ ಗಷ್ಟವೇ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಕೂಡಿ ಕರಗದ ವಸ್ತುವಾಗುತ್ತವೆ. ಅವೆಲ್ಲ ತೀರಿದ ಮೇಲಷ್ಟೇ ನೊರೆ. ಹನಿಗಳನ್ನು ನೀನು ಎಣಿಸಬೇಡ, ಎದುರಿಗೆ ಕುಳಿತವರಿಂದ ಎಣಿಸು ಎಂದೆ. ಪ್ರಾಧ್ಯಾಪಕರಾದರೇನು, ಎಣಿಸತೊಡಗಿದರೆ ಅವರೂ ವಿದ್ಯಾರ್ಥಿಗಳೇ.

ಭಾಷೆಯ ವಿಚಾರದಲ್ಲಿ ಸ್ವಲ್ಪ ಚರ್ಚೆಯಾಯಿತು. ಪಾಠ ಇಂಗ್ಲಿಷಿನಲ್ಲೇ ಆಗಬೇಕು. ಆದರೆ ಮಾಗಡಿ, ರಾಮನಗರದ ಕಡೆಯಿಂದ ಬರುವ ಎಷ್ಟೋ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಗಡಸು ನೀರು ಎಂಬ ಮಾತನ್ನು ಮೊದಲು ಹಲಗೆಯ ಮೇಲೆ ಕನ್ನಡದಲ್ಲೇ ಬರೆ ಎಂದು ನಾನು ಪಟ್ಟುಹಿಡಿದೆ. ಸಮಿತಿಯವರು ತಪ್ಪು ತಿಳಿದಾರೆಂದು ಅವಳಿಗೆ ಅಳುಕು. ಕೊನೆಗೆ ಒಪ್ಪಿದಳು.

ಪೂರ್ವಾಭ್ಯಾಸಕ್ಕೆ ನಮ್ಮ ತಾಯಿಯವರನ್ನು ಕೂರಿಸಿದೆವು, ವಯಸ್ಸು 88. ಪಾಠವನ್ನು ಕನ್ನಡದಲ್ಲಿ ಹೇಳಿಸಿದೆವು. ಎಲ್ಲವನ್ನೂ ಕೇಳಿ, “ಬೋರಿನ ನೀರಿನಾಗೆ ತೊಗರಿಬೇಳೆ ಬೇಯಲ್ಲವಲ್ಲ ಮಗಾ, ಅದಕ್ಕೂ ಸೋಪು ಹಾಕಿರ್ತಾರಾ?” ಎಂದರು. ಹುಡುಗಿ ತಬ್ಬಿಬ್ಬಾದಳು. 42 ಸ್ಲೈಡುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ರಾತ್ರಿ ಪುಸ್ತಕ ತೆಗೆದು ನೋಡಿದಳು. ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್‌ನೊಡನೆ ಅದೇ ಕ್ಯಾಲ್ಸಿಯಂ ಬೆಸೆದುಕೊಂಡು ಅದನ್ನು ಗಟ್ಟಿ ಮಾಡುತ್ತದೆ. ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಳೆ ಮೆತ್ತಗಾಗುವುದೂ ಇದೇ ರಸಾಯನದಿಂದ. ಮರುದಿನ ಅಜ್ಜಿಯ ಪ್ರಶ್ನೆಯೇ ಪಾಠದ ಮೊದಲ ವಾಕ್ಯವಾಯಿತು. ನಾನು ಹೇಳಿಕೊಟ್ಟುದೆಲ್ಲಕ್ಕಿಂತ ಅದು ಮೇಲಾಗಿತ್ತು.

ಸಂದರ್ಶನದ ದಿನ ಎರಡು ಬಾಟಲಿ ನೀರನ್ನು ಚೀಲದಲ್ಲಿಟ್ಟು ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದಳು. ಸಮಿತಿಯಲ್ಲಿ ಐವರಿದ್ದರಂತೆ, ಹನಿಗಳನ್ನು ಎಣಿಸಿದವರು ಮೂವರು. ಒಬ್ಬರು, ಬಟ್ಟೆ ಒಗೆಯುವ ಪುಡಿ ಅದೇ ನೀರಿನಲ್ಲಿ ನೊರೆ ಕೊಡುವುದೇಕೆ ಎಂದು ಕೇಳಿದರು. ಡಿಟರ್ಜೆಂಟಿನ ಕ್ಯಾಲ್ಸಿಯಂ ಲವಣ ಸಾಬೂನಿನದರಂತೆ ಗಷ್ಟವಾಗುವುದಿಲ್ಲವೆಂದು ಹೇಳಿದಳು. ಇನ್ನೊಬ್ಬರು ಹಲಗೆಯ ಮೇಲಿನ ಕನ್ನಡವನ್ನು ನೋಡಿ ಏನೋ ಗುರುತು ಹಾಕಿಕೊಂಡರಂತೆ. ಅದು ಒಪ್ಪಿಗೆಯೋ ಆಕ್ಷೇಪಣೆಯೋ ತಿಳಿಯಲಿಲ್ಲ.

ಮೂರು ವಾರ ಕಳೆದರೂ ಆದೇಶಪತ್ರ ಬಂದಿಲ್ಲ. ಅಂಚೆಯವನು ಬೀದಿಗೆ ಬಂದಾಗಲೆಲ್ಲ ತಮ್ಮ ಗೇಟಿನ ಬಳಿ ನಿಲ್ಲುತ್ತಾನೆ. ಮಗಳು ಮಾತ್ರ ಈಗ ಪಾಠ ಹೇಳುತ್ತಿರುವ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದ ಮಕ್ಕಳಿಗೆ, ತಂತಮ್ಮ ಮನೆಯ ನೀರನ್ನು ಒಂದೊಂದು ಸೀಸೆಯಲ್ಲಿ ತರಲು ಹೇಳಿದ್ದಾಳೆ.