ಮನೆಯೊಳಗಣ ಪರರ ದಂಡು

1824ರ ಅಕ್ಟೋಬರದಲ್ಲಿ ಇಂಗ್ರೇಜರ ದಂಡನ್ನು ಹಿಮ್ಮೆಟ್ಟಿಸಿದ ಕಿತ್ತೂರ ಕೋಟೆಯು ಡಿಸೆಂಬರದಲ್ಲಿ ಬಿದ್ದದ್ದು ಒಳಗಿನವರ ದ್ರೋಹದಿಂದ ಎಂದು ನಮ್ಮ ಭಾಗದ ಹಿರಿಯರು ಹೇಳುವದುಂಟು. ಆದರೆ ಒಳಗಿನವನಿಗೆ ತಾನು ವೈರಿಯ ಕೈಯಾಳಾಗಿರುವದೇ ತಿಳಿಯದಿದ್ದರೆ? ಈ ಕಾಲದ ಅಂಥ ಕೇಡಿಗೆ ಬಾಟ್‌ನೆಟ್ ಎಂದು ಹೆಸರು.

ದೂರದಲ್ಲೆಲ್ಲಿಯೋ ಕುಳಿತ ಕಳ್ಳನು ಸಾವಿರಾರು ಮನೆಗಳ ಗಣಕಯಂತ್ರ, ಕ್ಯಾಮೆರಾ, ರೌಟರುಗಳೊಳಗೆ ಸಣ್ಣದೊಂದು ತಂತ್ರಾಂಶವನ್ನು ನುಗ್ಗಿಸುವನು. ಯಂತ್ರವು ಎಂದಿನಂತೆಯೇ ನಡೆಯುವದರಿಂದ ಮನೆಯವರಿಗೆ ಸುಳಿವು ಹತ್ತದು. ಅವನು ಸನ್ನೆ ಮಾಡಿದೊಡನೆ ಅವೆಲ್ಲವೂ ಒಂದೇ ಗುರಿಯ ಮೇಲೆ ಬೀಳುವವು. ಹುಣ್ಣಿವೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇರುವ ಜನಸಂದಣಿಯು ದರ್ಶನಕ್ಕೆಂದು ಬರದೆ, ಬರಿದೆ ಬಾಗಿಲು ಕಟ್ಟಿ ನಿಲ್ಲಲು ಬಂದರೆ ನಿಜವಾದ ಭಕ್ತನು ಒಳಹೋಗುವ ಬಗೆಯೆಂತು? 2016ರ ಅಕ್ಟೋಬರ 21ರಂದು 'ಮಿರಾಯ್' ಎಂಬ ಇಂಥ ದಂಡು ಅಮೇರಿಕೆಯ ಡೈನ್ ಕಂಪನಿಯನ್ನು ಮುತ್ತಿ, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವನ್ನು ಹಲವರಿಗೆ ತಾಸುಗಟ್ಟಲೆ ದೊರೆಯದಂತೆ ಮಾಡಿತು. ಅದರ ವಿದ್ಯೆಯಾದರೂ ದೊಡ್ಡದಲ್ಲ. ಕಾರಖಾನೆಯವರು ಇಟ್ಟುಕಳಿಸಿದ ಸುಮಾರು 60 ಗುಪ್ತಶಬ್ದಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿತ್ತು, ಅಷ್ಟೇ. 2017ರ ಜುಲೈದಲ್ಲಿ ನಮ್ಮ ಕರ್ನಾಟಕದಲ್ಲಿಯೂ ಬಿ.ಎಸ್.ಎನ್.ಎಲ್.ದ ಅನೇಕ ಮೋಡೆಮುಗಳು ಇನ್ನೊಂದು ದುಷ್ಟ ತಂತ್ರಾಂಶದಿಂದ ಕೆಟ್ಟು ನಿಂತವು. 'ಅಡ್ಮಿನ್' ಎಂಬ ಮೂಲ ಗುಪ್ತಶಬ್ದವು ಬದಲಾಗದೆ ಉಳಿದದ್ದೇ ಅದಕ್ಕೆ ಬಾಗಿಲಾಯಿತು.

ಬೈಲಹೊಂಗಲದ ನಮ್ಮ ಮನೆಗೆ ಕ್ಯಾಮೆರಾ ಕೂಡಿಸಿದ ದಿನವೇ ನಾನು ಅದರ ಗುಪ್ತಶಬ್ದವನ್ನು ಬದಲಿಸಿದೆ. ಕೂಡಿಸಲು ಬಂದ ಹುಡುಗನು ನಕ್ಕು, "ನಿಮ್ಮಲ್ಲಿ ಕದಿಯುವಂಥಾದ್ದು ಏನೈತ್ರೀ ಅಜ್ಜಾರ?" ಎಂದನು. ಆ ಪ್ರಶ್ನೆ ನನ್ನನ್ನು ಬಹುದಿನ ಕಾಡಿತು. ಕಳ್ಳನಿಗೆ ಬೇಕಾದದ್ದು ನಮ್ಮ ಒಡವೆಯಲ್ಲ, ನಮ್ಮ ಮನೆಯ ಮಾಳಿಗೆ. ಅಲ್ಲಿ ನಿಂತು ಅವನು ಕಲ್ಲು ಬೀರುವದು ಪರರ ಮೇಲೆ. ಕಲ್ಲು ಬಂದ ದಿಕ್ಕು ಮಾತ್ರ ನಮ್ಮ ಮನೆಯದಾಗಿ ತೋರುವದು. ಬಡವನ ಮಾಳಿಗೆಯಾದರೂ ಅವನಿಗೆ ಸಾಕು.

ಇದಕ್ಕೆ ಮದ್ದು ಕಠಿಣವಾದುದಲ್ಲ. ಯಂತ್ರವನ್ನು ಕೊಂಡ ದಿನವೇ ಗುಪ್ತಶಬ್ದವನ್ನು ಬದಲಿಸತಕ್ಕದ್ದು. ತಯಾರಕರು ಕಳಿಸುವ ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಳ್ಳತಕ್ಕದ್ದು. ಹೊರಗಿನಿಂದ ಯಂತ್ರವನ್ನು ನಡೆಸುವ ಸೌಕರ್ಯವು ಬೇಡವಾಗಿದ್ದರೆ ಮುಚ್ಚತಕ್ಕದ್ದು. ಮಿರಾಯ್‌ನಂಥದು ಯಂತ್ರವನ್ನು ಆರಿಸಿ ಹಚ್ಚಿದರೆ ಅಳಿಯುವದು ನಿಜ. ಆದರೆ ಹಳೆಯ ಗುಪ್ತಶಬ್ದವೇ ಉಳಿದರೆ ಸ್ವಲ್ಪ ಹೊತ್ತಿನಲ್ಲಿಯೇ ಮರಳಿ ಸೇರುವದು. ಭಾರತ ಸರಕಾರವು 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರವು ಸೋಂಕು ತೆಗೆಯುವ ಸಾಧನಗಳನ್ನು ಪುಕ್ಕಟೆಯಾಗಿ ಕೊಡುವದು.

ನಮ್ಮ ಹಿರಿಯರು ಅಂಗಳವನ್ನು ಗುಡಿಸುವಾಗ ನೆರೆಯವರ ಅಂಗಳಕ್ಕೆ ಕಸ ತಳ್ಳಬಾರದೆಂದು ಕಲಿಸಿದರು. ಈಗ ನೆರೆಹೊರೆಯು ಓಣಿಯನ್ನು ದಾಟಿ ಲೋಕದಗಲ ಬೆಳೆದಿರುವದು. ಆ ಪಾಠವು ಮಾತ್ರ ಹಳೆಯದೇ.